ವೆಬ್‌ಸೈಟ್ ವಿನ್ಯಾಸಕ್ಕೆ ಪ್ರಸ್ತಾವನೆ ಕೇಳುವುದು ಮತ್ತು ಬಂದವನ್ನು ತೂಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ತಮ್ಮ ಸಂಸ್ಥೆಗೆ ಹೊಸ ವೆಬ್‌ಸೈಟ್ ಮಾಡಿಸುವ, ಅಥವಾ ಇರುವುದನ್ನು ಹೊಸದಾಗಿ ಕಟ್ಟಿಸುವ ಹೊಣೆ ಹೊತ್ತವರಿಗಾಗಿ ಈ ಪುಟವನ್ನು ಬರೆಯಲಾಗಿದೆ. ಏಜೆನ್ಸಿಗಳಿಂದ ಪ್ರಸ್ತಾವನೆ ತರಿಸಿಕೊಳ್ಳುವವರೂ ಅವನ್ನು ಓದಿ ಅಂಕ ಹಾಕುವ ಸಮಿತಿಯವರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಆಹ್ವಾನ ಪತ್ರದಲ್ಲಿ ನಾವು ಹೇಳದೆ ಬಿಟ್ಟದ್ದನ್ನು ಪ್ರತಿಯೊಂದು ಏಜೆನ್ಸಿಯೂ ತನಗೆ ತೋಚಿದಂತೆ ಊಹಿಸಿಕೊಂಡು ಬೆಲೆ ಕಟ್ಟುತ್ತದೆ. ಬಂದ ಪ್ರಸ್ತಾವನೆಗಳನ್ನು ಒಂದಕ್ಕೊಂದು ಹೋಲಿಸಲಾಗದೆ ಸಮಿತಿಗಳು ಒದ್ದಾಡುವುದು ಹೆಚ್ಚಾಗಿ ಈ ಕಾರಣಕ್ಕೆ. ಆದ್ದರಿಂದ ಉತ್ತರಗಳಲ್ಲಿ ಅರ್ಧದಷ್ಟು ಕೇಳುವ ಬಗೆಯನ್ನು ಕುರಿತೇ ಇವೆ.

ಪ್ರಸ್ತಾವನೆ ಕರೆಯುವುದಕ್ಕೂ ಕೊಟೇಶನ್ ಕೇಳುವುದಕ್ಕೂ ಏನು ವ್ಯತ್ಯಾಸ?

ಬೇಕಾದದ್ದು ಏನೆಂಬುದು ಪೂರ್ತಿ ಗೊತ್ತಿದ್ದು, ಬೆಲೆಯೊಂದೇ ತಿಳಿಯಬೇಕಿದ್ದಾಗ ಕೊಟೇಶನ್ ಕೇಳುತ್ತೇವೆ. ಸಮಸ್ಯೆ ಏನೆಂದು ಗೊತ್ತಿದ್ದು, ಅದನ್ನು ಬಗೆಹರಿಸುವ ದಾರಿಗಳು ಹಲವಿರುವಾಗ ಪ್ರಸ್ತಾವನೆ ಕರೆಯುತ್ತೇವೆ. ಈ ಕ್ಷೇತ್ರದಲ್ಲಿ ಅದಕ್ಕೆ ಆರ್‌ಎಫ್‌ಪಿ ಎಂಬ ಹೆಸರು ರೂಢಿಯಲ್ಲಿದೆ. ಹತ್ತು ಪುಟದ, ವಿನ್ಯಾಸ ಈಗಾಗಲೇ ಸಿದ್ಧವಿರುವ ಸೈಟನ್ನು ಕಟ್ಟಿಸಲು ಕೊಟೇಶನ್ ಸಾಕು. ಓದುಗರು ಬೇಕಾದ ಮಾಹಿತಿ ಸಿಗದೆ ಫೋನ್ ಮಾಡುತ್ತಿದ್ದಾರೆ, ಅರ್ಜಿ ತುಂಬಲು ಶುರುಮಾಡಿ ಅರ್ಧಕ್ಕೇ ಬಿಡುತ್ತಿದ್ದಾರೆ ಎಂಬಂಥ ತೊಂದರೆ ಇದ್ದರೆ, ಏಜೆನ್ಸಿಗಳು ಅದನ್ನು ಹೇಗೆ ಅರ್ಥಮಾಡಿಕೊಳ್ಳುತ್ತವೆ ಎಂಬುದನ್ನು ನೋಡಬೇಕಾಗುತ್ತದೆ. ಅದಕ್ಕೆ ಪ್ರಸ್ತಾವನೆಯೇ ಬೇಕು.

ಇವೆರಡನ್ನೂ ಬೆರೆಸಿದರೆ ಕೆಲಸ ಕೆಡುತ್ತದೆ. ಕೊಟೇಶನ್ನಿನಂಥ ಪತ್ರ ಕಳುಹಿಸಿ "ನಿಮ್ಮ ಸೃಜನಶೀಲ ಪರಿಹಾರ ತಿಳಿಸಿ" ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದರೆ, ಪರಿಹಾರದ ಜಾಗದಲ್ಲಿ ಬರುವುದು ಏಜೆನ್ಸಿಯ ಪರಿಚಯ ಪತ್ರ ಮಾತ್ರ.

ಸಣ್ಣ ಕೆಲಸಕ್ಕೂ ಇಷ್ಟೆಲ್ಲ ವಿಧಿ ಬೇಕೇ?

ಬೇಡ. ಒಳ್ಳೆಯದೊಂದು ಪ್ರಸ್ತಾವನೆ ಬರೆಯಲು ಏಜೆನ್ಸಿಯ ಎರಡು ಮೂರು ಜನರ ಹಲವು ದಿನಗಳು ಹೋಗುತ್ತವೆ, ಓದಿ ತೂಗಲು ನಿಮ್ಮವರ ದಿನಗಳೂ ಹೋಗುತ್ತವೆ. ಆ ಖರ್ಚು ಕೆಲಸದ ಗಾತ್ರಕ್ಕೆ ಹೊಂದದಿದ್ದರೆ, ನಂಬಿಕೆಯ ಎರಡು ಮೂರು ಏಜೆನ್ಸಿಗಳನ್ನು ಕರೆದು ಮಾತಾಡಿ, ಎರಡು ಪುಟದ ಒಪ್ಪಂದಕ್ಕೆ ಬರುವುದು ಹೆಚ್ಚು ಪ್ರಾಮಾಣಿಕವಾದ ದಾರಿ.

ಆಹ್ವಾನ ಪತ್ರ ಬರೆಯುವ ಮೊದಲು ನಮ್ಮೊಳಗೆ ಏನು ಸಿದ್ಧವಾಗಿರಬೇಕು?

ಮೂರು ಸಂಗತಿಗಳು ಸಿದ್ಧವಾಗಿರಬೇಕು, ಮತ್ತು ಮೂರೂ ಬೇಸರದ ಕೆಲಸಗಳೇ.

ಮೊದಲನೆಯದು, ಈಗಿರುವ ಸೈಟಿನ ಪುಟಗಳ ಪಟ್ಟಿ. ಎಷ್ಟು ಪುಟಗಳಿವೆ, ಎಷ್ಟು ಪಿಡಿಎಫ್‌ಗಳಿವೆ, ಎಷ್ಟು ಫಾರಂಗಳಿವೆ, ಪ್ರತಿಯೊಂದಕ್ಕೂ ಯಾರು ಹೊಣೆ ಎಂಬುದನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಇಳಿಸಿ, ಪಕ್ಕದಲ್ಲಿ "ಉಳಿಸು, ತಿದ್ದು, ಬಿಡು" ಎಂಬ ಒಂದು ಕಾಲಂ ಇಡಿ. ಈ ಪಟ್ಟಿ ಮಾಡಲು ಕುಳಿತವರಿಗೆ ಸಾಮಾನ್ಯವಾಗಿ ಎರಡು ಅಚ್ಚರಿಗಳು ಎದುರಾಗುತ್ತವೆ: ಪುಟಗಳು ಅಂದುಕೊಂಡದ್ದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತವೆ, ಮತ್ತು ಅವುಗಳಲ್ಲಿ ಬಹುಪಾಲನ್ನು ಯಾರೂ ಓದುತ್ತಿರುವುದಿಲ್ಲ. ಪಟ್ಟಿಯನ್ನು ಆಹ್ವಾನ ಪತ್ರಕ್ಕೆ ಲಗತ್ತಿಸಿದರೆ ಎಲ್ಲ ಏಜೆನ್ಸಿಗಳೂ ಒಂದೇ ಗಾತ್ರದ ಕೆಲಸಕ್ಕೆ ಬೆಲೆ ಹೇಳುತ್ತವೆ.

ಎರಡನೆಯದು, ಹೊಸ ಸೈಟಿನ ಬರಹವನ್ನು ಯಾರು ಬರೆಯುತ್ತಾರೆ ಎಂಬ ತೀರ್ಮಾನ. ವಿನ್ಯಾಸ ಒಪ್ಪಿಗೆಯಾಗಿ, ಕೋಡ್ ಸಿದ್ಧವಾಗಿ, ಖಾಲಿ ಪುಟಗಳು ಬರಹಕ್ಕಾಗಿ ತಿಂಗಳುಗಟ್ಟಲೆ ಕಾಯುವುದನ್ನು ನಾನು ಬೇರೆಲ್ಲ ವಿಳಂಬಗಳಿಗಿಂತ ಹೆಚ್ಚಾಗಿ ಕಂಡಿದ್ದೇನೆ. ಬರಹ ನಿಮ್ಮವರದೇ ಆದರೆ ಬರೆಯುವವರ ಸಮಯವನ್ನು ಈಗಲೇ ಮೀಸಲಿಡಿ. ಏಜೆನ್ಸಿಯೇ ಬರೆಯಬೇಕಾದರೆ ಅದನ್ನು ಬೇರೆ ಬಾಬ್ತಾಗಿ ಕೇಳಿ.

ಮೂರನೆಯದು, ಕೊನೆಯ ಮಾತು ಯಾರದು ಎಂಬುದು. ವಿನ್ಯಾಸಕ್ಕೆ ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ. ಸಲಹೆ ಕೊಡುವವರು ಎಷ್ಟು ಜನರಾದರೂ ಇರಬಹುದು.

ಆಹ್ವಾನ ಪತ್ರದಲ್ಲಿ ಏನೇನು ಇರಬೇಕು?

ನೀವು ಯಾರು, ನಿಮ್ಮ ಸೈಟಿಗೆ ಯಾರು ಬರುತ್ತಾರೆ, ಅವರು ಯಾವ ಕೆಲಸ ಮುಗಿಸಿಕೊಳ್ಳಲು ಬರುತ್ತಾರೆ, ಈಗ ಎಲ್ಲಿ ತಡವರಿಸುತ್ತಾರೆ ಎಂಬುದೇ ಪತ್ರದ ತಿರುಳು. ಅದರ ನಂತರ ಪುಟಗಳ ಪಟ್ಟಿ, ಹೊಸ ಸೈಟ್ ಮಾತಾಡಬೇಕಾದ ಇತರ ತಂತ್ರಾಂಶಗಳು, ಅಂದರೆ ಪಾವತಿ ವ್ಯವಸ್ಥೆ, ಸದಸ್ಯರ ದತ್ತಾಂಶ, ಇಮೇಲ್ ಸೇವೆ ಇತ್ಯಾದಿ, ಬೇಕಾದ ಭಾಷೆಗಳು, ವೇಗ ಮತ್ತು ಸುಗಮ್ಯತೆಯ ಮಟ್ಟ, ದಿನಾಂಕಗಳು, ಬಜೆಟ್ಟಿನ ವ್ಯಾಪ್ತಿ, ಅಂಕ ಹಾಕುವ ಕ್ರಮ ಮತ್ತು ಒಪ್ಪಂದದ ಮುಖ್ಯ ಷರತ್ತುಗಳು ಬರಬೇಕು. ಹತ್ತು ಹನ್ನೆರಡು ಪುಟಗಳಲ್ಲಿ ಇಷ್ಟನ್ನೂ ಹೇಳಬಹುದು.

ಪರಿಹಾರವನ್ನು ನೀವೇ ಬರೆದುಬಿಡುವ ಆಸೆಯನ್ನು ತಡೆಯಿರಿ. "ಮುಖಪುಟದಲ್ಲಿ ಐದು ಚಿತ್ರಗಳ ಸ್ಲೈಡರ್ ಇರಬೇಕು" ಎಂದು ಬರೆದರೆ ಎಲ್ಲ ಪ್ರಸ್ತಾವನೆಗಳಲ್ಲೂ ಸ್ಲೈಡರ್ ಇರುತ್ತದೆ. "ಮುಖಪುಟಕ್ಕೆ ಬಂದವರು ಮುಂದಿನ ಕಾರ್ಯಕ್ರಮದ ದಿನಾಂಕವನ್ನು ಹುಡುಕಾಡದೆ ಕಾಣಬೇಕು, ಈಗ ಕಾಣುತ್ತಿಲ್ಲ" ಎಂದು ಬರೆದರೆ ಯಾವ ಏಜೆನ್ಸಿ ಯೋಚಿಸುತ್ತದೆ, ಯಾವುದು ಯೋಚಿಸುವುದಿಲ್ಲ ಎಂಬುದು ಉತ್ತರಗಳಿಂದಲೇ ತಿಳಿಯುತ್ತದೆ.

ಉತ್ತರದ ರೂಪವನ್ನೂ ನಿಗದಿಪಡಿಸಿ. ಪುಟಮಿತಿ ಇಟ್ಟು, ಶೀರ್ಷಿಕೆಗಳ ಕ್ರಮ ಹೇಳಿ, ಬೆಲೆಯನ್ನು ನೀವು ಕೊಟ್ಟ ನಮೂನೆಯಲ್ಲೇ ತುಂಬಲು ಕೇಳಿ. ನಮೂನೆಯಲ್ಲಿ ಸಂಶೋಧನೆ, ವಿನ್ಯಾಸ, ಕೋಡಿಂಗ್, ಬರಹ, ಪುಟಗಳ ಸ್ಥಳಾಂತರ, ಪರೀಕ್ಷೆ, ತರಬೇತಿ, ಮೊದಲ ವರ್ಷದ ಹೋಸ್ಟಿಂಗ್ (ಸೈಟನ್ನು ಅಂತರ್ಜಾಲದಲ್ಲಿ ಇರಿಸಿ ನಡೆಸುವ ಸೇವೆ) ಮತ್ತು ನಿರ್ವಹಣೆ ಬೇರೆಬೇರೆ ಸಾಲುಗಳಾಗಿರಲಿ. ಒಟ್ಟು ಮೊತ್ತವೊಂದನ್ನೇ ಕೊಟ್ಟವರ ಬೆಲೆಯನ್ನು ಬೇರೆ ಯಾವುದರೊಂದಿಗೂ ಹೋಲಿಸಲು ಬರುವುದಿಲ್ಲ.

ನಮ್ಮ ಬಜೆಟ್ ಎಷ್ಟೆಂದು ಹೇಳಿಬಿಟ್ಟರೆ ಎಲ್ಲರೂ ಅಷ್ಟಕ್ಕೇ ಬೆಲೆ ಕಟ್ಟುವುದಿಲ್ಲವೇ?

ಈ ಭಯ ಸಹಜ. ಆದರೂ ಹೇಳುವುದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ವೆಬ್‌ಸೈಟಿಗೆ ಒಂದು ನಿಜವಾದ ಬೆಲೆ ಎಂಬುದಿಲ್ಲ. ಸಿದ್ಧ ಥೀಮಿನ, ಅಂದರೆ ಮೊದಲೇ ಮಾಡಿಟ್ಟ ವಿನ್ಯಾಸದ, ಮೇಲೆ ಕಟ್ಟಿದ್ದೂ, ಬಳಕೆದಾರರೊಂದಿಗೆ ವಾರಗಟ್ಟಲೆ ಪರೀಕ್ಷಿಸಿ ಕಟ್ಟಿದ್ದೂ ಎರಡೂ ವೆಬ್‌ಸೈಟುಗಳೇ. ವ್ಯಾಪ್ತಿ ಹೇಳದಿದ್ದರೆ ಒಬ್ಬರು ಸೈಕಲ್ಲಿಗೂ ಇನ್ನೊಬ್ಬರು ಬಸ್ಸಿಗೂ ಬೆಲೆ ಹೇಳುತ್ತಾರೆ, ಮತ್ತು ನಿಮ್ಮ ಕೈಗೆಟುಕದ ಏಜೆನ್ಸಿಗಳೂ ಸುಮ್ಮನೆ ದುಡಿದು ಬರೆಯುತ್ತವೆ. ಕನಿಷ್ಠ ಮತ್ತು ಗರಿಷ್ಠದ ಒಂದು ವ್ಯಾಪ್ತಿ ಕೊಟ್ಟು, "ಈ ಮೊತ್ತದೊಳಗೆ ಏನನ್ನು ಮೊದಲು ಮಾಡುತ್ತೀರಿ, ಏನನ್ನು ಮುಂದಕ್ಕೆ ಹಾಕುತ್ತೀರಿ, ಏಕೆ?" ಎಂದು ಕೇಳಿ. ಎಲ್ಲರ ಮೊತ್ತವೂ ಹತ್ತಿರ ಹತ್ತಿರ ಬಂದರೆ ಒಳ್ಳೆಯದೇ. ಆಗ ಅಷ್ಟೇ ಹಣಕ್ಕೆ ಯಾರು ಹೆಚ್ಚು ಕೊಡುತ್ತಾರೆ ಎಂಬುದು ಕಾಣುತ್ತದೆ.

"ಸೈಟ್ ವೇಗವಾಗಿರಬೇಕು, ಎಲ್ಲರಿಗೂ ಬಳಸಲು ಬರಬೇಕು" ಎಂದು ಬರೆದರೆ ಸಾಲದೇ?

ಸಾಲದು, ಏಕೆಂದರೆ ಅದನ್ನು ಒಪ್ಪದ ಏಜೆನ್ಸಿ ಇಲ್ಲ, ಆಮೇಲೆ ಅಳೆದು ನೋಡುವ ಉಪಾಯವೂ ಇಲ್ಲ. ಅಳೆಯಲು ಬರುವ ಮಾತಿನಲ್ಲಿ ಬರೆಯಿರಿ.

ವೇಗಕ್ಕೆ ಗೂಗಲ್ ರೂಢಿಗೆ ತಂದಿರುವ ಕೋರ್ ವೆಬ್ ವೈಟಲ್ಸ್ ಎಂಬ ಮೂರು ಅಳತೆಗಳಿವೆ. ಪುಟದ ಅತಿ ದೊಡ್ಡ ಚಿತ್ರ ಅಥವಾ ಬರಹದ ಭಾಗ ಕಾಣಿಸಿಕೊಳ್ಳಲು ಹಿಡಿಯುವ ಕಾಲ 2.5 ಸೆಕೆಂಡಿನೊಳಗಿರಬೇಕು, ಇದು ಎಲ್‌ಸಿಪಿ. ಒತ್ತಿದ್ದಕ್ಕೆ ಪುಟ ಸ್ಪಂದಿಸುವ ಕಾಲ 200 ಮಿಲಿಸೆಕೆಂಡ್ ಮೀರಬಾರದು, ಇದು ಐಎನ್‌ಪಿ. 2024ರ ಮಾರ್ಚ್‌ನಲ್ಲಿ ಇದು ಎಫ್‌ಐಡಿ ಎಂಬ ಹಳೆಯ ಅಳತೆಯ ಜಾಗಕ್ಕೆ ಬಂತು. ಪುಟ ತೆರೆದಿರುವಾಗ ಅದರ ಭಾಗಗಳು ತಾವಾಗಿ ಜಿಗಿದಾಡುವ ಪ್ರಮಾಣ 0.1 ದಾಟಬಾರದು, ಇದು ಸಿಎಲ್‌ಎಸ್. ಭೇಟಿಗಳಲ್ಲಿ ಕನಿಷ್ಠ 75 ಶೇಕಡಾದಷ್ಟಕ್ಕೆ ಈ ಮಟ್ಟ ಸಿಗಬೇಕು ಎಂಬುದು ನಿಯಮ, ಮೊಬೈಲಿಗೆ ಬೇರೆ, ಕಂಪ್ಯೂಟರಿಗೆ ಬೇರೆ ಲೆಕ್ಕ. ನಿಜವಾದ ಬಳಕೆದಾರರಿಂದ ಸಿಗುವ ಈ ದತ್ತಾಂಶ ಹಿಂದಿನ 28 ದಿನಗಳದ್ದಾಗಿರುವುದರಿಂದ, ಬಿಡುಗಡೆಯ ದಿನವೇ ತೀರ್ಪು ಕೊಡಲಾಗದು ಎಂಬುದನ್ನೂ ಪತ್ರದಲ್ಲಿ ನಮೂದಿಸಿ.

ಸುಗಮ್ಯತೆಗೆ, ಅಂದರೆ ಕಣ್ಣು, ಕಿವಿ, ಕೈಗಳ ತೊಂದರೆ ಇರುವವರೂ ಸೈಟ್ ಬಳಸಲು ಬರುವಂತಿರುವುದಕ್ಕೆ, ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2023ರ ಅಕ್ಟೋಬರ್‌ನಲ್ಲಿ ಹೊರತಂದ ಡಬ್ಲ್ಯುಸಿಎಜಿ 2.2 ಎಂಬ ಮಾರ್ಗಸೂಚಿಯ ಮೂರು ಮಟ್ಟಗಳಲ್ಲಿ ನಡುವಿನದಾದ ಎಎ ಮಟ್ಟವನ್ನು ಹೆಸರಿಸಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1ರಷ್ಟು ವ್ಯತ್ಯಾಸ, ಒತ್ತುವ ಗುಂಡಿಗೆ ಕನಿಷ್ಠ 24 ಪಿಕ್ಸೆಲ್ ಉದ್ದಗಲ ಅಥವಾ ಸುತ್ತ ಅದಕ್ಕೆ ಸಮನಾದ ಜಾಗ, ಮೌಸಿಲ್ಲದೆ ಕೀಲಿಮಣೆಯಿಂದಲೇ ಎಲ್ಲ ಕೆಲಸ ಮುಗಿಸಲು ಆಗುವುದು, ಇವೆಲ್ಲ ಅದರಲ್ಲಿವೆ. ಸ್ವಯಂಚಾಲಿತ ಪರೀಕ್ಷಾ ಸಾಧನಗಳು ದೋಷಗಳಲ್ಲಿ ಒಂದು ಭಾಗವನ್ನಷ್ಟೇ ಹಿಡಿಯಬಲ್ಲವು. ಆದ್ದರಿಂದ "ಯಾವ ಪರೀಕ್ಷೆಯನ್ನು ಮನುಷ್ಯರಿಂದ ಮಾಡಿಸುತ್ತೀರಿ, ಯೋಜನೆಯ ಯಾವ ಹಂತದಲ್ಲಿ?" ಎಂದು ಕೇಳಿ. ಬಿಡುಗಡೆಗೆ ಒಂದು ವಾರ ಮೊದಲು ಎಂಬ ಉತ್ತರ ಬಂದರೆ ಅದಕ್ಕೆ ಕಡಿಮೆ ಅಂಕ ಸಲ್ಲಬೇಕು. ಆ ಹೊತ್ತಿಗೆ ಬಣ್ಣಗಳೂ ಮೆನುಗಳೂ ಗಟ್ಟಿಯಾಗಿಬಿಟ್ಟಿರುತ್ತವೆ.

ಯಾವ ಸಿಎಂಎಸ್ (ಸೈಟಿನ ಪುಟಗಳನ್ನು ಬರೆದು, ತಿದ್ದಿ, ಪ್ರಕಟಿಸುವ ತಂತ್ರಾಂಶ) ಬಳಸಬೇಕೆಂದು ನಾವೇ ಹೇಳಬೇಕೇ?

ನಿಮ್ಮವರಿಗೆ ಈಗಾಗಲೇ ಒಂದರಲ್ಲಿ ಪಳಗಿದ ಕೈ ಇದ್ದರೆ, ಅಥವಾ ಐಟಿ ವಿಭಾಗದ ನಿಯಮವಿದ್ದರೆ ಹೇಳಿ. ಇಲ್ಲದಿದ್ದರೆ ಅಗತ್ಯಗಳನ್ನು ಹೇಳಿ, ಆಯ್ಕೆಗೆ ಕಾರಣ ಕೇಳಿ. ವರ್ಡ್‌ಪ್ರೆಸ್, ಡ್ರುಪಲ್‌ನಂಥವು ಮುಕ್ತ ತಂತ್ರಾಂಶಗಳು, ಅಂದರೆ ಅವುಗಳ ಕೋಡ್ ಎಲ್ಲರಿಗೂ ತೆರೆದಿದೆ. ಒಂದು ಏಜೆನ್ಸಿ ಬಿಟ್ಟುಹೋದರೆ ಇನ್ನೊಂದು ಕೈಗೆತ್ತಿಕೊಳ್ಳಬಹುದು. ಏಜೆನ್ಸಿ ತಾನೇ ಬರೆದ ಸಿಎಂಎಸ್ ಕೊಡುತ್ತೇನೆ ಎಂದರೆ, ಅವರಿಂದ ಬೇರೆಯಾಗುವ ದಿನ ದತ್ತಾಂಶವನ್ನು ಯಾವ ರೂಪದಲ್ಲಿ ಕೈಗಿಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮುಕ್ತ ತಂತ್ರಾಂಶದಲ್ಲೂ ಹೆಚ್ಚುವರಿ ಸೌಲಭ್ಯಗಳಿಗಾಗಿ ಹಣ ಕೊಟ್ಟು ಕೊಳ್ಳುವ ಪ್ಲಗಿನ್‌ಗಳು ಇರುತ್ತವೆ; ಅವುಗಳ ವಾರ್ಷಿಕ ನವೀಕರಣ ಯಾರ ಹೆಸರಿನಲ್ಲಿ, ಯಾರ ಖರ್ಚಿನಲ್ಲಿ ಎಂದು ಕೇಳಲು ಮರೆಯಬೇಡಿ.

ಎಷ್ಟು ಏಜೆನ್ಸಿಗಳಿಗೆ ಕಳುಹಿಸಬೇಕು, ಎಷ್ಟು ಕಾಲಾವಕಾಶ ಕೊಡಬೇಕು?

ಸಾರ್ವಜನಿಕ ಟೆಂಡರಿನ ನಿಯಮಕ್ಕೆ ಒಳಪಟ್ಟ ಸಂಸ್ಥೆಯಾದರೆ ಆ ನಿಯಮ ಹೇಳಿದಂತೆ. ಆಯ್ಕೆ ನಿಮ್ಮದೇ ಆದರೆ, ಮೊದಲೇ ವಿಚಾರಿಸಿ ಆರಿಸಿದ ಐದಾರು ಏಜೆನ್ಸಿಗಳು ಸಾಕು. ಇಪ್ಪತ್ತು ಪ್ರಸ್ತಾವನೆಗಳನ್ನು ಯಾವ ಸಮಿತಿಯೂ ಸಮನಾದ ಗಮನದಿಂದ ಓದುವುದಿಲ್ಲ. ಮೂರರಿಂದ ನಾಲ್ಕು ವಾರ ಕೊಡಿ. ಒಂದೇ ವಾರ ಕೊಟ್ಟರೆ, ಕೈಯಲ್ಲಿ ಕೆಲಸವಿಲ್ಲದವರೂ ಹಳೆಯ ಪ್ರಸ್ತಾವನೆಯಲ್ಲಿ ಹೆಸರು ಬದಲಿಸಿ ಕಳುಹಿಸುವವರೂ ಮಾತ್ರ ಉತ್ತರಿಸುತ್ತಾರೆ.

ಏಜೆನ್ಸಿಗಳು ಪ್ರಶ್ನೆ ಕೇಳಿದರೆ ಹೇಗೆ ನಡೆದುಕೊಳ್ಳಬೇಕು?

ಪ್ರಶ್ನೆಗಳಿಗೆ ಒಂದು ಕೊನೆಯ ದಿನ ಇಟ್ಟು, ಎಲ್ಲ ಪ್ರಶ್ನೋತ್ತರಗಳನ್ನೂ ಕೇಳಿದವರ ಹೆಸರಿಲ್ಲದೆ ಎಲ್ಲರಿಗೂ ಒಂದೇ ದಿನ ಕಳುಹಿಸಿ. ಒಬ್ಬರಿಗೆ ಫೋನಿನಲ್ಲಿ ಹೇಳಿದ್ದು ಉಳಿದವರಿಗೆ ಗೊತ್ತಿಲ್ಲದಿದ್ದರೆ ಸ್ಪರ್ಧೆ ಅಲ್ಲಿಗೇ ಕೆಟ್ಟಿತು. ಬಂದ ಪ್ರಶ್ನೆಗಳನ್ನು ಜೋಪಾನವಾಗಿಡಿ. "ಅರ್ಜಿ ತುಂಬುವವರಲ್ಲಿ ಎಷ್ಟು ಮಂದಿ ಮೊಬೈಲ್ ಬಳಸುತ್ತಾರೆ? ಅರ್ಧಕ್ಕೇ ಬಿಡುವುದು ಯಾವ ಹಂತದಲ್ಲಿ?" ಎಂದು ಕೇಳಿದ ಏಜೆನ್ಸಿ, ಪ್ರಸ್ತಾವನೆ ಬರೆಯುವ ಮೊದಲೇ ನಿಮ್ಮ ಕೆಲಸವನ್ನು ಶುರುಮಾಡಿದೆ.

ಆಯ್ಕೆಗೆ ಮುಂಚೆ ಮಾದರಿ ವಿನ್ಯಾಸ ಮಾಡಿಕೊಡಿ ಎಂದು ಕೇಳಬಹುದೇ?

ಪುಕ್ಕಟೆಯಾಗಿ ಕೇಳಬೇಡಿ. ಅದು ಅನ್ಯಾಯ ಎಂಬುದು ಒಂದು ಕಾರಣ. ಅದರಿಂದ ನಿಮಗೆ ತಪ್ಪು ಮಾಹಿತಿ ಸಿಗುತ್ತದೆ ಎಂಬುದು ಅಷ್ಟೇ ದೊಡ್ಡ ಕಾರಣ. ನಿಮ್ಮ ಬಳಕೆದಾರರನ್ನು ಒಮ್ಮೆಯೂ ಮಾತಾಡಿಸದೆ, ನಿಮ್ಮ ಬರಹವನ್ನು ಓದದೆ ಮಾಡಿದ ಮುಖಪುಟ ಸಮಿತಿಯ ಕಣ್ಣಿಗೆ ಚೆನ್ನಾಗಿ ಕಾಣಲೆಂದೇ ಮಾಡಿದ್ದು. ಆ ಚಿತ್ರದ ಮೋಹ ಬೇರೆಲ್ಲ ಅಂಕಗಳನ್ನೂ ಮುಳುಗಿಸಿಬಿಡುತ್ತದೆ. ಅಂಥ ಪರೀಕ್ಷೆ ಬೇಕೇ ಬೇಕೆಂದಿದ್ದರೆ, ಕೊನೆಯ ಸುತ್ತಿಗೆ ಬಂದ ಇಬ್ಬರಿಗೂ ಸಮನಾದ ಸಂಭಾವನೆ ಕೊಟ್ಟು ಒಂದು ಸಣ್ಣ ಸಮಸ್ಯೆಯನ್ನು ಒಪ್ಪಿಸಿ, ಅವರೊಂದಿಗೆ ಅರ್ಧ ದಿನ ಕುಳಿತು ಕೆಲಸ ಮಾಡಿ ನೋಡಿ.

ಅಂಕ ಹಾಕುವ ಕ್ರಮ ಹೇಗಿರಬೇಕು?

ಅಂಶಗಳನ್ನೂ ಅವುಗಳ ತೂಕವನ್ನೂ ಲಕೋಟೆ ಒಡೆಯುವ ಮೊದಲೇ ನಿಗದಿಪಡಿಸಿ, ಆಹ್ವಾನ ಪತ್ರದಲ್ಲೇ ಪ್ರಕಟಿಸಿರಬೇಕು. ಏಕೆಂಬುದಕ್ಕೆ ಒಂದು ಲೆಕ್ಕ ನೋಡಿ.

ಮೂರು ಪ್ರಸ್ತಾವನೆಗಳು ಬಂದಿವೆ ಎಂದುಕೊಳ್ಳೋಣ. ಗುಣಮಟ್ಟಕ್ಕೆ ನೂರರಲ್ಲಿ ಮೊದಲನೆಯದಕ್ಕೆ 60, ಎರಡನೆಯದಕ್ಕೆ 82, ಮೂರನೆಯದಕ್ಕೆ 90 ಅಂಕ ಸಿಕ್ಕಿವೆ. ಬೆಲೆಗಳು ಕ್ರಮವಾಗಿ 8:10:16ರ ಅನುಪಾತದಲ್ಲಿವೆ. ಅತಿ ಕಡಿಮೆ ಬೆಲೆಯನ್ನು ಆಯಾ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸುವುದು ರೂಢಿಯಲ್ಲಿರುವ ಕ್ರಮ. ಹಾಗೆ ಮಾಡಿದರೆ ಬೆಲೆಯ ಅಂಕಗಳು 100, 80, 50 ಆಗುತ್ತವೆ. ಗುಣಮಟ್ಟಕ್ಕೆ 70, ಬೆಲೆಗೆ 30 ತೂಕ ಕೊಟ್ಟರೆ ಒಟ್ಟು ಅಂಕ 72, 81.4, 78, ಎರಡನೆಯದು ಗೆಲ್ಲುತ್ತದೆ. ಗುಣಮಟ್ಟಕ್ಕೆ 40, ಬೆಲೆಗೆ 60 ಎಂದು ತಿರುಗಿಸಿದರೆ 84, 80.8, 66 ಬಂದು ಮೊದಲನೆಯದು ಗೆಲ್ಲುತ್ತದೆ. ಪ್ರಸ್ತಾವನೆಗಳಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬೆಲೆಗಳನ್ನು ನೋಡಿದ ಮೇಲೆ ತೂಕ ನಿರ್ಧರಿಸುವ ಸಮಿತಿ, ಬೇಕಾದವರನ್ನು ಗೆಲ್ಲಿಸಿದೆ ಎಂಬ ಆರೋಪಕ್ಕೆ ಉತ್ತರ ಕೊಡಲಾರದು.

ಗುಣಮಟ್ಟದ ಅಂಕವನ್ನು ಸಮಸ್ಯೆಯ ತಿಳಿವಳಿಕೆ, ಕೆಲಸದ ವಿಧಾನ, ನಿಮ್ಮ ಕೆಲಸಕ್ಕೆ ನಿಯೋಜಿಸುವ ಜನ, ಹಿಂದಿನ ಕೆಲಸ, ಬಿಡುಗಡೆಯ ನಂತರದ ಬೆಂಬಲ ಎಂದು ಹಂಚಬಹುದು. ಸಮಿತಿಯ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಓದಿ, ಅಂಕದ ಪಕ್ಕದಲ್ಲಿ ಕಾರಣ ಬರೆದು, ಆಮೇಲೆ ಸೇರಬೇಕು. ಮೊದಲೇ ಸೇರಿದರೆ ಹಿರಿಯರ ಮಾತೇ ಎಲ್ಲರ ಅಂಕವಾಗುತ್ತದೆ. ಒಂದೇ ಅಂಶಕ್ಕೆ ಒಬ್ಬರು 4, ಇನ್ನೊಬ್ಬರು 9 ಹಾಕಿದ್ದರೆ ಸರಾಸರಿ ತೆಗೆದು ಮುಂದೆ ಹೋಗಬೇಡಿ. ಒಬ್ಬರು ಕಂಡದ್ದು ಇನ್ನೊಬ್ಬರ ಕಣ್ಣಿಗೆ ಬಿದ್ದಿಲ್ಲ ಎಂದೇ ಅದರ ಅರ್ಥ. ಬೆಲೆಯ ಲಕೋಟೆಯನ್ನು ಗುಣಮಟ್ಟದ ಅಂಕ ಮುಗಿದ ಮೇಲೆ ತೆರೆಯಿರಿ.

ಪ್ರಸ್ತಾವನೆಯನ್ನು ಓದುವಾಗ ಯಾವ ಸಾಲುಗಳ ಬಳಿ ನಿಲ್ಲಬೇಕು?

"ಸೇರಿದೆ", "ಅಗತ್ಯಕ್ಕೆ ತಕ್ಕಂತೆ", "ಸಮಂಜಸವಾದ ಸಂಖ್ಯೆಯ" ಎಂಬ ಪದಗಳು ಬಂದಲ್ಲೆಲ್ಲ ನಿಲ್ಲಿ. ನಾನು ಸಮಿತಿಯಲ್ಲಿದ್ದ ಒಂದು ಯೋಜನೆಯಲ್ಲಿ, ಆಯ್ಕೆಯಾದ ಪ್ರಸ್ತಾವನೆ "ಹಳೆಯ ಪುಟಗಳ ಸ್ಥಳಾಂತರ ಸೇರಿದೆ" ಎಂದು ಒಂದೇ ಸಾಲಿನಲ್ಲಿ ಹೇಳಿತ್ತು. ನಮ್ಮಲ್ಲಿದ್ದದ್ದು ಆರುನೂರಕ್ಕೂ ಹೆಚ್ಚು ಪುಟಗಳು. ಅವರು ಲೆಕ್ಕಕ್ಕೆ ಹಿಡಿದದ್ದು ಇಪ್ಪತ್ತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಾವು ಸಂಖ್ಯೆ ಕೊಟ್ಟಿರಲಿಲ್ಲ, ಅವರು ಕೇಳಿರಲಿಲ್ಲ. ಉಳಿದ ಪುಟಗಳನ್ನು ನಮ್ಮ ಸಿಬ್ಬಂದಿಯೇ ಸಂಜೆಗಳಲ್ಲಿ ಕುಳಿತು ಒಂದೊಂದಾಗಿ ನಕಲು ಮಾಡಿ ಅಂಟಿಸಬೇಕಾಯಿತು. ಆ ಸಂಜೆಗಳ ನೆನಪಿನಿಂದಲೇ ಪುಟಗಳ ಪಟ್ಟಿಯ ಬಗ್ಗೆ ಮೇಲೆ ಅಷ್ಟು ಒತ್ತಿ ಹೇಳಿದ್ದೇನೆ.

ಪ್ರಸ್ತಾವನೆಯಲ್ಲಿ "ಸೇರಿಲ್ಲ" ಎಂಬ ಶೀರ್ಷಿಕೆ ಇದೆಯೇ ನೋಡಿ. ಏನು ಮಾಡುವುದಿಲ್ಲ ಎಂದು ನೇರವಾಗಿ ಬರೆದ ಏಜೆನ್ಸಿಯನ್ನು ನಾನು ಹೆಚ್ಚು ನಂಬುತ್ತೇನೆ. ಎಷ್ಟು ಸುತ್ತಿನ ತಿದ್ದುಪಡಿಗೆ ಅವಕಾಶವಿದೆ, ನಿಮ್ಮಿಂದ ಯಾವ ವಸ್ತು ಯಾವ ದಿನ ಬರಬೇಕು, ತಡವಾದರೆ ವೇಳಾಪಟ್ಟಿ ಹೇಗೆ ಸರಿಯುತ್ತದೆ ಎಂಬುದು ಬರೆದಿರಬೇಕು. ಹೆಸರಿಸಿದ ಹಿರಿಯ ವಿನ್ಯಾಸಕರು ನಿಮ್ಮ ಕೆಲಸಕ್ಕೆ ವಾರದಲ್ಲಿ ಎಷ್ಟು ದಿನ ಕೊಡುತ್ತಾರೆ ಎಂದೂ ಕೇಳಿ, ಸಂದರ್ಶನಕ್ಕೆ ಅವರೇ ಬರಬೇಕೆಂದು ಹೇಳಿ.

ಅವರ ಹಿಂದಿನ ಕೆಲಸವನ್ನು ತಾಂತ್ರಿಕ ಜ್ಞಾನವಿಲ್ಲದವರು ಹೇಗೆ ಪರೀಕ್ಷಿಸಬಹುದು?

ಅರ್ಧ ಗಂಟೆ, ಒಂದು ಫೋನ್ ಮತ್ತು ಒಂದು ಕಂಪ್ಯೂಟರ್ ಸಾಕು. ಪ್ರಸ್ತಾವನೆಯಲ್ಲಿ ಅಚ್ಚಾದ ಸ್ಕ್ರೀನ್‌ಶಾಟ್ ಬಿಟ್ಟು, ಈಗ ಬಳಕೆಯಲ್ಲಿರುವ ಸೈಟನ್ನೇ ತೆರೆಯಿರಿ.

ಮೊದಲು ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ಫೋನಿನಿಂದ ತೆರೆದು, ಮುಖಪುಟ ಬಿಟ್ಟು ಒಳಪುಟಗಳಿಗೆ ಹೋಗಿ. ಮುಖಪುಟಕ್ಕೆ ಎಲ್ಲರೂ ಶ್ರಮಪಡುತ್ತಾರೆ, ಶ್ರದ್ಧೆ ಗೊತ್ತಾಗುವುದು ಮೂರನೆಯ ಹಂತದ ಪುಟದಲ್ಲಿ. ಬೆರಳಿನಿಂದ ಒಂದು ಕೊಂಡಿಯನ್ನು ಒತ್ತುವಷ್ಟರಲ್ಲಿ ಮೇಲೆ ಚಿತ್ರವೊಂದು ಬಂದು ಪುಟ ಕೆಳಗೆ ಸರಿದು, ಬೇರೆ ಕೊಂಡಿ ಒತ್ತಿಹೋದರೆ, ಆಗಲೇ ಹೇಳಿದ ಸಿಎಲ್‌ಎಸ್ ದೋಷವನ್ನು ನೀವು ಕಣ್ಣಾರೆ ಕಂಡಂತಾಯಿತು. ಆಮೇಲೆ ಕಂಪ್ಯೂಟರಿನಲ್ಲಿ ಮೌಸನ್ನು ಪಕ್ಕಕ್ಕಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಮುಂದುವರಿಯಿರಿ. ಈಗ ಯಾವ ಕೊಂಡಿಯ ಮೇಲಿದ್ದೀರಿ ಎಂದು ತೋರಿಸುವ ಚೌಕಟ್ಟು ಕಾಣುತ್ತದೆಯೇ, ಮೆನು ತೆರೆದುಕೊಳ್ಳುತ್ತದೆಯೇ, ಫಾರಂ ಕೊನೆಯವರೆಗೆ ತುಂಬಲು ಆಗುತ್ತದೆಯೇ? ಪುಟವನ್ನು 200 ಶೇಕಡಾಕ್ಕೆ ಹಿಗ್ಗಿಸಿ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆಯೇ ನೋಡಿ. ಫಾರಂನಲ್ಲಿ ಬೇಕೆಂದೇ ತಪ್ಪು ಇಮೇಲ್ ಬರೆದು, ತಪ್ಪೆಲ್ಲಿದೆ ಎಂದು ಸೈಟ್ ಮನುಷ್ಯರ ಭಾಷೆಯಲ್ಲಿ ಹೇಳುತ್ತದೆಯೇ ಗಮನಿಸಿ. ಕೊನೆಗೆ ವಿಳಾಸವನ್ನು ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಉಚಿತ ಪರೀಕ್ಷೆಗೆ ಹಾಕಿ.

ಒಂದು ಎಚ್ಚರಿಕೆ: ಸೈಟ್ ಹಳೆಯದಾಗಿದ್ದರೆ ದೋಷ ಏಜೆನ್ಸಿಯದೋ, ಆಮೇಲೆ ನಿರ್ವಹಿಸಿದವರದೋ ತಿಳಿಯದು. ಕಂಡದ್ದನ್ನು ಸಂದರ್ಶನದಲ್ಲಿ ಮುಂದಿಟ್ಟು ಕೇಳಿ. ಆ ಮಾತಿಗೆ ಅವರು ಹೇಗೆ ಸ್ಪಂದಿಸುತ್ತಾರೆ ಎಂಬುದೂ ನಿಮಗೆ ಬೇಕಾದ ಮಾಹಿತಿಯೇ.

ಹಿಂದಿನ ಗ್ರಾಹಕರನ್ನು ಏನು ಕೇಳಬೇಕು?

"ತೃಪ್ತಿಯಿದೆಯೇ?" ಎಂದು ಕೇಳಿದರೆ ಹೌದು ಎಂಬ ಉತ್ತರ ಬರುತ್ತದೆ. ಒಪ್ಪಿದ ಮೊತ್ತಕ್ಕೂ ಕೊನೆಗೆ ಕೊಟ್ಟದ್ದಕ್ಕೂ ವ್ಯತ್ಯಾಸವೆಷ್ಟು, ಅದಕ್ಕೆ ಕಾರಣವೇನು, ಮೊದಲ ಭೇಟಿಗೆ ಬಂದವರೇ ಕೊನೆಯವರೆಗೂ ಇದ್ದರೇ, ಏನಾದರೂ ಕೆಟ್ಟಾಗ ಯಾರು ಮೊದಲು ಹೇಳಿದರು, ನೀವೋ ಅವರೋ ಎಂದು ಕೇಳಿ. ಏಜೆನ್ಸಿಯಿಂದ ಬೇರೆಯಾದ ಗ್ರಾಹಕರೊಬ್ಬರ ಹೆಸರನ್ನೂ ಕೊಡಲು ಹೇಳಿ.

ಎಲ್ಲರಿಗಿಂತ ತುಂಬಾ ಕಡಿಮೆ ಬೆಲೆ ಹೇಳಿದವರನ್ನು ಹೇಗೆ ನೋಡಬೇಕು?

ತಳ್ಳಿಹಾಕುವ ಮೊದಲು ಬರಹದಲ್ಲಿ ಸ್ಪಷ್ಟನೆ ಕೇಳಿ. ಸಣ್ಣ ತಂಡ, ಇಂಥದೇ ಕೆಲಸದ ಅನುಭವ, ಸಿದ್ಧವಿರುವ ಭಾಗಗಳ ಮರುಬಳಕೆ, ಇವು ಒಪ್ಪತಕ್ಕ ಕಾರಣಗಳು. ಆದರೆ ಹೆಚ್ಚಾಗಿ ಕಾಣುವುದು, ಕೆಲಸದ ಒಂದು ಭಾಗವೇ ಲೆಕ್ಕದಲ್ಲಿ ಇಲ್ಲದಿರುವುದು. ನಮೂನೆಯ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವ ಸಾಲು ಸೊನ್ನೆಗೆ ಹತ್ತಿರವಿದೆ ಎಂಬುದು ತಾನಾಗಿ ಎದ್ದು ಕಾಣುತ್ತದೆ. ಅದು ಪರೀಕ್ಷೆಯ ಸಾಲೋ ಸ್ಥಳಾಂತರದ ಸಾಲೋ ಆಗಿರುವುದು ಸಾಮಾನ್ಯ. ಮೊದಲ ವರ್ಷದ ಬೆಲೆಯ ಬದಲು ಮೂರು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸಿ.

ನಿಗದಿತ ಮೊತ್ತ ಒಳ್ಳೆಯದೋ, ಗಂಟೆ ಲೆಕ್ಕವೋ?

ಕೆಲಸದ ಗಡಿ ಸ್ಪಷ್ಟವಿದ್ದರೆ ನಿಗದಿತ ಮೊತ್ತ. ಗಡಿಯೇ ಗೊತ್ತಿಲ್ಲದಿದ್ದರೆ ಮೊದಲು ಅಧ್ಯಯನದ ಹಂತವನ್ನಷ್ಟೇ ಬೇರೆ ಒಪ್ಪಂದವಾಗಿ ಮಾಡಿಸಿ, ಅದರಿಂದ ಬಂದ ವಿವರದ ಮೇಲೆ ಉಳಿದದ್ದಕ್ಕೆ ಮೊತ್ತ ನಿಗದಿ ಮಾಡುವುದು ಇಬ್ಬರಿಗೂ ಕ್ಷೇಮ. ಯಾವುದೇ ಆದರೂ, ಹೆಚ್ಚುವರಿ ಕೆಲಸಕ್ಕೆ ಗಂಟೆಯ ದರ ಎಷ್ಟು, ಯಾರ ಸಹಿ ಇಲ್ಲದೆ ಅದು ಶುರುವಾಗಬಾರದು ಎಂಬುದು ಒಪ್ಪಂದದಲ್ಲಿರಲಿ.

ಡೊಮೇನ್, ಕೋಡ್, ವಿನ್ಯಾಸದ ಕಡತಗಳು ಯಾರ ಸ್ವತ್ತು?

ಬರಹದಲ್ಲಿ ಹೇಳದಿದ್ದರೆ ಜಗಳಕ್ಕೆ ದಾರಿ. ಹಣ ಕೊಟ್ಟ ಮಾತ್ರಕ್ಕೆ ಕೋಡ್ ಮತ್ತು ವಿನ್ಯಾಸದ ಹಕ್ಕುಸ್ವಾಮ್ಯ ತಾನಾಗಿ ನಿಮ್ಮದಾಗುತ್ತದೆ ಎಂದು ಭಾವಿಸಬೇಡಿ. ಹಲವು ದೇಶಗಳ ಕಾನೂನಿನಲ್ಲಿ ಹಕ್ಕು ವರ್ಗಾವಣೆಗೆ ಲಿಖಿತ ಒಪ್ಪಂದವೇ ಬೇಕು. ಕೊನೆಯ ಕಂತು ಸಂದಾಯವಾದಾಗ ಹಕ್ಕು ನಿಮಗೆ ಬರುತ್ತದೆ ಎಂದು ಬರೆಸಿಕೊಳ್ಳಿ. ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರು, ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ಒಬ್ಬ ನೌಕರರ ಸ್ವಂತ ವಿಳಾಸದ ಬದಲು ಸಂಸ್ಥೆಯ ಇಮೇಲ್ ವಿಳಾಸದಲ್ಲಿ ನೋಂದಣಿಯಾಗಿರಲಿ. ಹೋಸ್ಟಿಂಗ್, ಅನಲಿಟಿಕ್ಸ್ (ಭೇಟಿಗಳ ಲೆಕ್ಕ), ಸರ್ಚ್ ಕನ್ಸೋಲ್ (ಗೂಗಲ್ ಹುಡುಕಾಟದಲ್ಲಿ ಸೈಟಿನ ಸ್ಥಿತಿ ತೋರಿಸುವ ಸಾಧನ) ಖಾತೆಗಳನ್ನು ನೀವೇ ತೆರೆದು ಏಜೆನ್ಸಿಗೆ ಪ್ರವೇಶ ಕೊಡಿ. ಫಾಂಟ್ ಮತ್ತು ಚಿತ್ರಗಳ ಪರವಾನಗಿ ಪತ್ರಗಳನ್ನೂ ಕೇಳಿ ಪಡೆಯಿರಿ.

ಹಳೆಯ ಸೈಟಿನಿಂದ ಹೊಸದಕ್ಕೆ ಹೋಗುವ ದಿನದ ಬಗ್ಗೆ ಪ್ರಸ್ತಾವನೆಯಲ್ಲಿ ಏನು ಇರಬೇಕು?

ಹಳೆಯ ಪ್ರತಿಯೊಂದು ವಿಳಾಸವೂ ಹೊಸ ಯಾವ ಪುಟಕ್ಕೆ ಹೋಗುತ್ತದೆ ಎಂಬ ಪಟ್ಟಿ, ಅಂದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳುಹಿಸುವ 301 ಮರುನಿರ್ದೇಶನಗಳ ಯೋಜನೆ ಇರಬೇಕು. ಅದಿಲ್ಲದಿದ್ದರೆ ಇತರರು ವರ್ಷಗಳಿಂದ ಕೊಟ್ಟಿರುವ ಕೊಂಡಿಗಳೆಲ್ಲ ಒಂದೇ ರಾತ್ರಿಯಲ್ಲಿ ಸಾಯುತ್ತವೆ. ಆ ಮರುನಿರ್ದೇಶನಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ಗೂಗಲ್ ಸಲಹೆ ಕೊಡುತ್ತದೆ; ಸಾಧ್ಯವಾದರೆ ತೆಗೆಯಲೇಬೇಡಿ. ಕಟ್ಟುವ ಹಂತದಲ್ಲಿ ಸೈಟ್ ಹುಡುಕಾಟದಲ್ಲಿ ಕಾಣದಿರಲೆಂದು ಹಾಕಿದ ನೋಇಂಡೆಕ್ಸ್ ಗುರುತನ್ನು ಬಿಡುಗಡೆಯಂದು ತೆಗೆಯಲು ಮರೆಯುವುದು ತೀರಾ ಸಾಮಾನ್ಯ. ತೆಗೆಯುವ ವ್ಯಕ್ತಿ ಯಾರು, ತೆಗೆದರೆಂದು ನೋಡುವವರು ಯಾರು ಎಂದು ಹೆಸರು ಕೇಳಿ. ಏನಾದರೂ ಕೆಟ್ಟರೆ ಹಳೆಯ ಸೈಟಿಗೆ ಮರಳುವ ದಾರಿಯೂ ಬರೆದಿರಲಿ.

ಹಣವನ್ನು ಹೇಗೆ ಹಂಚಬೇಕು?

ದಿನಾಂಕಗಳಿಗೆ ಕಟ್ಟದೆ, ಕೈಗೆ ಬಂದು ಒಪ್ಪಿಗೆಯಾದ ಕೆಲಸಕ್ಕೆ ಕಟ್ಟಿ: ಅಧ್ಯಯನದ ವರದಿ, ಒಪ್ಪಿದ ವಿನ್ಯಾಸ, ಪರೀಕ್ಷೆಗೆ ಸಿದ್ಧವಾದ ಸೈಟ್, ಬಿಡುಗಡೆ. ಒಂದು ಕಂತನ್ನು ಬಿಡುಗಡೆಯ ನಂತರಕ್ಕೆ ಉಳಿಸಿಕೊಳ್ಳಿ. ವೇಗದ ದತ್ತಾಂಶಕ್ಕೆ 28 ದಿನ ಬೇಕಾಗುವುದರಿಂದ, ಆರು ವಾರಗಳ ನಂತರದ ಅಳತೆಗೆ ಆ ಕಂತನ್ನು ಹೊಂದಿಸಿದರೆ ಅನುಕೂಲ. ನೀವು ಒಪ್ಪಿಗೆ ಕೊಡಲು ಎಷ್ಟು ದಿನ ತೆಗೆದುಕೊಳ್ಳಬಹುದು ಎಂಬುದಕ್ಕೂ ಮಿತಿ ಇರಲಿ. ಏಜೆನ್ಸಿಯ ತಂಡವೂ ಆ ಹಣವನ್ನು ನಂಬಿಯೇ ನಡೆಯುತ್ತದೆ.

ಆಯ್ಕೆಯಾಗದವರಿಗೆ ಏನು ತಿಳಿಸಬೇಕು?

ತೀರ್ಮಾನವಾದ ಕೂಡಲೇ, ಆದರೆ ಗೆದ್ದವರೊಂದಿಗಿನ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಬರೆಯಿರಿ. ಅವರ ಅಂಕ ಎಷ್ಟು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಹಿಂದೆ ಬಿದ್ದರು ಎಂದು ನಾಲ್ಕು ಸಾಲು ಸಾಕು. ಸಮಿತಿಯ ಸದಸ್ಯರು ಅಂಕದ ಪಕ್ಕದಲ್ಲಿ ಬರೆದ ಕಾರಣಗಳು ಇಲ್ಲಿ ನೆರವಿಗೆ ಬರುತ್ತವೆ. ಇತರರ ಬೆಲೆಯನ್ನೂ ವಿಚಾರಗಳನ್ನೂ ಹೇಳಬೇಡಿ. ಸೋತವರ ಪ್ರಸ್ತಾವನೆಯಲ್ಲಿದ್ದ ಒಳ್ಳೆಯ ಉಪಾಯವನ್ನು ಗೆದ್ದವರ ಕೈಗೆ ಕೊಟ್ಟು ಮಾಡಿಸಿಕೊಳ್ಳುವುದಂತೂ ಕೂಡದು. ಅದು ಬೇಕೇ ಬೇಕೆನಿಸಿದರೆ, ಬರೆದವರನ್ನು ಕೇಳಿ, ಅದಕ್ಕೆ ತಕ್ಕ ಹಣ ಕೊಟ್ಟು ಪಡೆಯಿರಿ.